ಒಂದೇ ಕಲ್ಲು

ಮದ್ದೂರು ದಾಟಿ ಮಂಡ್ಯದ ಕಡೆ ಬಂದರೆ
ನಾಲೆ ಪಕ್ಕದ ಆಲೆಮನೆಗಳ ಹೊಗೆ,
ಅದರಾಚೆ ಇತ್ತು ನನ್ನ ಕಾಟಾ.
ಕಬ್ಬಿನ ಗಾಡಿ ಹತ್ತುತ್ತಿತ್ತು, ಕಬ್ಬಿಣದ ಹಲಗೆ ನರಳುತ್ತಿತ್ತು,
ನನ್ನ ಕಡೆಗಷ್ಟೇ ಮುಖ ಮಾಡಿದ ಕೆಂಪು ಅಂಕಿ
ಕುಣಿದು ಕುಣಿದು ನಿಲ್ಲುತ್ತಿತ್ತು.
ನಿಂತದ್ದನ್ನು ಬರೆಯುವುದು ನನ್ನ ಕೆಲಸ.
ಹದಿನಾಲ್ಕು ವರ್ಷ, ನಿಂತದ್ದನ್ನು ಬರೆಯಲಿಲ್ಲ.

ಎರಡು ಪುಸ್ತಕವಿದ್ದವು.
ಕೆಂಪು ರಟ್ಟಿನದು ಧಣಿಗೆ, ನೀಲಿಯದು ರೈತನಿಗೆ.
ಗಾಡಿಗೆ ಎಂಬತ್ತು ಕೇಜಿ, ಹೆಚ್ಚೆಂದರೆ ನೂರು,
ದಾರಿಯಲ್ಲಿ ಹುಡುಗರು ಎಳೆದು ತಿಂದಷ್ಟು.
ಯಾರಿಗೂ ತಿಳಿಯದು. ನಾನು ಮಾತ್ರ
ಯಾರಿಗೆ ಎಷ್ಟು ಹೇಳಿದ್ದೆ ಎಂಬುದನ್ನೆಲ್ಲ
ತಲೆಯೊಳಗೆ ಹೊತ್ತು ತಿರುಗಬೇಕಿತ್ತು.
ಟೀ ಅಂಗಡಿಯಲ್ಲಿ ಹಿಂದಿನಿಂದ ಯಾರಾದರೂ "ಜ್ಞಾನಣ್ಣ" ಎಂದರೆ
ಅರ್ಧ ಗ್ಲಾಸು ಬಿಟ್ಟು ಏಳುತ್ತಿದ್ದೆ.
ಅದಕ್ಕೇ ಸ್ವಾತಂತ್ರ್ಯವೆಂದು ಹೆಸರಿಟ್ಟಿದ್ದೆ ಆಗ:
ಕೇಳುವವರಿಲ್ಲ, ತಡೆಯುವವರಿಲ್ಲ.

ಅಜ್ಜಿ ದೀನಮ್ಮನಿಗೆ ಓದು ಬಾರದು.
ಪಾದ್ರಿಗಳು ಓದಿದ್ದನ್ನು ಕಿವಿಯಲ್ಲಿ ಗಂಟು ಕಟ್ಟಿ ತಂದು
ರಾಗಿ ಬೀಸುತ್ತ ಬಿಚ್ಚುತ್ತಿದ್ದಳು, ತನ್ನದೇ ಮಾತಿನಲ್ಲಿ:
"ಒಂದ್ ಚೀಲಕ್ಕೆ ಒಂದೇ ಕಲ್ಲು ಕನ್ ಮಗಾ.
ಎಲ್ಡು ಮಡಿಕಂಡೋನು ಒಂದ ಬಚ್ಚಿಡಬೇಕಾಯ್ತದೆ,
ಬಚ್ಚಿಡೋನ್ಗೆ ನಿದ್ದೆ ಎಲ್ಲಿಂದ ಬಂದದು?"
ನಾನು ನಗುತ್ತಿದ್ದೆ.
ಬೇಡ, ಕೂಡದು, ಮಾಡಬಾರದು,
ಆ ವೇದವೆಂದರೆ ನನಗೆ ಬರೀ ಬೇಲಿ.
ಒಳಗೆ ಏನು ಬೆಳೆದಿದೆ ಎಂದು
ಬಗ್ಗಿ ಕೂಡ ನೋಡಿರಲಿಲ್ಲ.

ದರ್ಶನವೇನೂ ಆಗಲಿಲ್ಲ.
ಒಂದು ಶನಿವಾರ ಸಂಜೆ ಕರೆಂಟು ಹೋಗಿ ಕಾಟಾ ಸತ್ತಿತ್ತು,
ಹೊರಗೆ ಹನ್ನೊಂದು ಗಾಡಿ, ಮೂಗುದಾರ ಜಗ್ಗುವ ಎತ್ತು.
ಕತ್ತಲಲ್ಲಿ ಕೈಗೆ ಸಿಕ್ಕ ಪುಸ್ತಕ
ಯಾವುದೆಂದು ನನಗೇ ಗೊತ್ತಾಗಲಿಲ್ಲ.
ಬೆವರಿದೆ. ಅಷ್ಟೇ.
ಕರೆಂಟು ಬಂತು. ಮೊದಲ ಗಾಡಿಗೆ, ನಿಂತದ್ದನ್ನು ಬರೆದೆ.
ಎರಡನೆಯದಕ್ಕೂ.

ಧಣಿ ಒಂದು ತಿಂಗಳು ಸಹಿಸಿ ಬಿಡಿಸಿದರು.
ಈಗ ಗುತ್ತಲು ರಸ್ತೆಯ ಗುಜರಿ ಅಂಗಡಿಯಲ್ಲಿ
ಹಳೇ ಪೇಪರು, ತುಕ್ಕು ಹಿಡಿದ ನೇಗಿಲು ತೂಗುತ್ತೇನೆ.

ವಾಕ್ಯ ಅಷ್ಟಕ್ಕೇ ಬಿಡಲಿಲ್ಲ.
ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಡಬೇಕಂತೆ,
ಮೇಲೆ ಐದರಲ್ಲೊಂದು ಪಾಲು ಕೂಡಿಸಿ.
ಎಷ್ಟು ಖಚಿತ ಲೆಕ್ಕ! ನನ್ನಂಥ ಗುಮಾಸ್ತನಿಗೆಂದೇ ಬರೆದ ಹಾಗೆ.
ಅದನ್ನೋದಿ, ಎಷ್ಟೋ ವರ್ಷದ ಮೇಲೆ, ನಕ್ಕುಬಿಟ್ಟೆ.
ವಸಂತಮೇರಿ ಚೀಟಿ ಎತ್ತಿದ ದುಡ್ಡು ತಂದು
ಮಾತಾಡದೆ ಮುಂದಿಟ್ಟಳು.
ಆಮೇಲೆ ಮೂರು ದಿನ ಮಾತಾಡಲೂ ಇಲ್ಲ.

ಮೊಪೆಡ್ಡು ಹತ್ತಿ ಕೀಲಾರದ ಚಿಕ್ಕತಾಯಮ್ಮನ ಮನೆಗೆ ಹೋದೆ.
ಸಗಣಿ ಕೈ ತೊಳೆದು, ಸೆರಗಿಗೆ ಒರೆಸಿ,
ನೋಟು ಎರಡು ಸಲ ಎಣಿಸಿದಳು.
"ಇಷ್ಟೇಯಾ?
ತಕ್ಕಡಿ ಸರಿಯಿಲ್ಲ, ಸರಿಯಿಲ್ಲ ಅಂತಾನೇ ಸತ್ತ ನನ್ ಗಂಡ.
ಅವನ್ಗೇ ಮಳ್ಳು ಅಂದ್ಕಂಡಿದ್ನಲ್ಲೋ."
ಕಾಫಿ ಕೊಡಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ.
ಗಾಡಿ ಒದೆಯುವಾಗ ಬಾಗಿಲಿಂದ ಒಂದು ಮಾತು:
"ಮಳೆ ಬತ್ತದೆ, ಬಿರ್ರನೆ ಹೋಗು."

ದಾರಿಯುದ್ದಕ್ಕೂ ನಾಲೆ, ಎರಡು ಏರಿಗಳ ನಡುವೆ ತುಂಬಿದ ನೀರು.
ಪಾದ್ರಿಗಳಾದರೆ ಅದರಿಂದೊಂದು ಉಪಮೆ ತೆಗೆದಾರು.
ನಾನು ನೆನೆಯುತ್ತ ಹೋದೆ.
ಪಟ್ಟಿಯಲ್ಲಿ ಇನ್ನೂ ನಲವತ್ತು ಹೆಸರು,
ಬರೆದಿಟ್ಟಿದ್ದೇನೆ, ಒಂದೇ ಪುಸ್ತಕದಲ್ಲಿ;
ತಲೆಯಲ್ಲಿ ಹೊರುವಂಥದ್ದು ಏನೂ ಉಳಿದಿಲ್ಲ.

ಬೆಳಿಗ್ಗೆ ಟೀ ಅಂಗಡಿಯಲ್ಲಿ
ಹಿಂದಿನಿಂದ ಯಾರೋ "ಜ್ಞಾನಣ್ಣ" ಎಂದರು.
ತಿರುಗಿದೆ.
ಗ್ಲಾಸು ಕೈಯಲ್ಲೇ ಇತ್ತು, ಬಿಸಿಯಾಗಿ.